ನಂಜು ತಟ್ಟೆಯಲ್ಲಿಲ್ಲ: ಚೊಚ್ಚಲ ಬಾಣಂತಿಗೆ ಜ್ವರದ ಬಗ್ಗೆ ಯಾರು ಹೇಳಬೇಕು?

ಹೆರಿಗೆಯಾದ ಆರನೇ ದಿನ ಸಂಜೆ ನನಗೆ ಚಳಿ ಶುರುವಾಯ್ತು. ಭದ್ರಾವತಿಯ ತವರುಮನೆ, ಏಪ್ರಿಲ್ ತಿಂಗಳು, ಹೊರಗೆ ಧಗಧಗ ಬಿಸಿಲು. ಎರಡು ಕಂಬಳಿ ಹೊದ್ದರೂ ಮೈ ನಡುಗುತ್ತಿತ್ತು. ಅಮ್ಮ ಹಣೆ ಮುಟ್ಟಿ ನೋಡಿ, “ಹಾಲು ಕಟ್ಟಿರ್ಬೇಕು ಕಣೆ, ನಂಗೂ ಹೀಗೇ ಆಗಿತ್ತು” ಅಂದಳು. ಅಜ್ಜಿಯ ತನಿಖೆ ಅಡುಗೆಮನೆ ಕಡೆ ಹೊರಟಿತು: “ನಿನ್ನೆ ಸಾರಿಗೆ ಬದನೆಕಾಯಿ ಹಾಕಿದ್ದು ಯಾರು? ಬಾಣಂತಿಗೆ ನಂಜಾಗಲ್ವಾ?” ಸಾರು ಮಾಡಿದ್ದ ಚಿಕ್ಕಮ್ಮ ಪಾಪ ತಲೆ ತಗ್ಗಿಸಿ ನಿಂತರು.

ನಾನೊಂದು ಪ್ಯಾರಾಸಿಟಮಾಲ್ ನುಂಗಿದೆ. ಜ್ವರ ಇಳಿಯಿತು. ರಾತ್ರಿ ಮತ್ತೆ ಬಂತು, ಮತ್ತೊಂದು ಮಾತ್ರೆ. ಎಂಟನೇ ದಿನ ಬೆಳಿಗ್ಗೆ ಸಿಸೇರಿಯನ್ ಹೊಲಿಗೆಯ ಹತ್ತಿರ ಬಟ್ಟೆ ಒದ್ದೆಯಾಗಿತ್ತು, ವಾಸನೆ ಬರುತ್ತಿತ್ತು. ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಓಡಿದೆವು. ಇಪ್ಪತ್ತು ಕಿಲೋಮೀಟರ್ ದಾರಿ, ಪ್ರತಿ ಹಂಪ್‌ಗೂ ಜೀವ ಬಾಯಿಗೆ ಬರುತ್ತಿತ್ತು. ಹೊಲಿಗೆ ಬಿಚ್ಚಿ, ಕೀವು ತೆಗೆದು, ರಕ್ತನಾಳಕ್ಕೆ ಆಂಟಿಬಯಾಟಿಕ್ ಹಾಕಿ, ಹನ್ನೊಂದು ದಿನ ಡ್ರೆಸ್ಸಿಂಗ್ ಮಾಡಿದರು. “ಎರಡು ದಿನ ಮೊದಲೇ ಬರಬಾರದಿತ್ತಾ? ಓದಿದೋರಲ್ವಾ ನೀವು?” ಅಂತ ಡ್ಯೂಟಿ ಡಾಕ್ಟರ್ ಕೇಳಿದರು.

ಓದಿದ್ದೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದೆ. ಗರ್ಭಿಣಿಯಾಗಿದ್ದಾಗ ಮೊಬೈಲಿನಲ್ಲಿ ಒಂದು ಆ್ಯಪ್ ಇಟ್ಟುಕೊಂಡಿದ್ದೆ. ಈ ವಾರ ಮಗು ನಿಂಬೆಹಣ್ಣಿನಷ್ಟಿದೆ, ಈ ವಾರ ಮಾವಿನಕಾಯಿಯಷ್ಟಿದೆ ಅಂತ ಅದು ತಪ್ಪದೆ ಹೇಳುತ್ತಿತ್ತು. ಹೆರಿಗೆಯಾದ ದಿನದಿಂದ ಆ ಆ್ಯಪ್‌ನಲ್ಲಿ ಮಗು ಮಾತ್ರ ಉಳಿಯಿತು, ನಾನು ಮಾಯವಾದೆ. ಮನೆಗೆ ಬಂದವರೂ ಅಷ್ಟೇ: ಮಗು ಎಷ್ಟು ಕೆಜಿ, ಯಾರ ಹಾಗೆ ಇದೆ, ಹಾಲು ಕುಡಿಯುತ್ತಾ? ನನ್ನ ಡಿಸ್ಚಾರ್ಜ್ ಚೀಟಿ ಈಗಲೂ ಇದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ನೋವಿನ ಮಾತ್ರೆ, ಮಗುವಿನ ಲಸಿಕೆಯ ದಿನಾಂಕ, ಹತ್ತು ದಿನ ಬಿಟ್ಟು ಬನ್ನಿ. ಜ್ವರ ಬಂದರೆ ಏನು ಮಾಡಬೇಕು ಅನ್ನುವ ಒಂದು ಸಾಲೂ ಅದರಲ್ಲಿಲ್ಲ. ಅಂಗಡಿಯಿಂದ ಒಂದು ಮಿಕ್ಸರ್ ಮನೆಗೆ ತಂದರೂ ‘ಸುಟ್ಟ ವಾಸನೆ ಬಂದರೆ ತಕ್ಷಣ ಸ್ವಿಚ್ ಆಫ್ ಮಾಡಿ’ ಅಂತ ಒಂದು ಚೀಟಿ ಇರುತ್ತೆ. ಹೊಟ್ಟೆ ಕುಯ್ದು ಹೊಲಿದ ಹೆಂಗಸಿಗೆ ಅಷ್ಟೂ ಇರಲಿಲ್ಲ.

ಈ ಲೇಖನ ಆ ಸಾಲಿನ ಬಗ್ಗೆ.

ಬಾಣಂತಿಗೆ ಸೋಂಕು ಯಾಕೆ ಸುಲಭವಾಗಿ ತಗಲುತ್ತೆ?

ಹೆರಿಗೆಯಿಂದ ಆರು ವಾರ, ಅಂದರೆ 42 ದಿನಗಳವರೆಗಿನ ಕಾಲವನ್ನು ವೈದ್ಯಕೀಯ ಭಾಷೆಯಲ್ಲಿ ಬಾಣಂತನದ ಅವಧಿ ಅಂತ ಲೆಕ್ಕ ಹಾಕುತ್ತಾರೆ. ಮಾಸು (ಸತ್ತೆ) ಕಳಚಿಕೊಂಡ ಜಾಗದಲ್ಲಿ ಗರ್ಭಕೋಶದ ಒಳಗೋಡೆ ಅಂಗೈ ಅಗಲದ ಹಸಿ ಗಾಯವಾಗಿರುತ್ತೆ. ಗರ್ಭಕೋಶದ ಬಾಯಿ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ರಕ್ತಸ್ರಾವ ನಡೆಯುತ್ತಲೇ ಇರುತ್ತೆ, ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆ ಊಟ ಬೇಕಿಲ್ಲ. ಹೊರಗಿನಿಂದ ಬಂದ ಸೂಕ್ಷ್ಮಜೀವಿಯೇ ಆಗಬೇಕೆಂದಿಲ್ಲ. ನಮ್ಮದೇ ಚರ್ಮದ ಮೇಲೆ, ಕರುಳಿನಲ್ಲಿ, ಯೋನಿಯಲ್ಲಿ ಸುಮ್ಮನೆ ಇದ್ದ ಬ್ಯಾಕ್ಟೀರಿಯಾ ಈ ಗಾಯಕ್ಕೆ ದಾರಿ ಸಿಕ್ಕರೆ ಸಾಕು.

ಸೋಂಕು ಆಗುವ ಜಾಗಗಳು ಮುಖ್ಯವಾಗಿ ಐದು: ಗರ್ಭಕೋಶದ ಒಳಪದರ, ಸಿಸೇರಿಯನ್ ಗಾಯ, ಸಹಜ ಹೆರಿಗೆಯಲ್ಲಿ ಕೆಳಗೆ ಹಾಕಿದ ಹೊಲಿಗೆ, ಮೂತ್ರನಾಳ ಮತ್ತು ಸ್ತನ. ಹೆರಿಗೆ ನೋವು ಬಹಳ ಹೊತ್ತು ಎಳೆದಿದ್ದರೆ, ನೀರು ಒಡೆದು ತುಂಬ ಹೊತ್ತಾಗಿದ್ದರೆ, ಪದೇಪದೇ ಒಳಪರೀಕ್ಷೆ ಮಾಡಿದ್ದರೆ, ಮಾಸಿನ ಚೂರು ಒಳಗೇ ಉಳಿದಿದ್ದರೆ, ರಕ್ತಹೀನತೆಯೋ ಸಕ್ಕರೆ ಕಾಯಿಲೆಯೋ ಇದ್ದರೆ ಅಪಾಯ ಹೆಚ್ಚು. ಎಲ್ಲಕ್ಕಿಂತ ದೊಡ್ಡ ಕಾರಣ ಸಿಸೇರಿಯನ್. ಸಹಜ ಹೆರಿಗೆಗಿಂತ ಅದರಲ್ಲಿ ಸೋಂಕಿನ ಸಾಧ್ಯತೆ ಹಲವು ಪಟ್ಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ.31ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್. ಅದೇ ಸಮೀಕ್ಷೆಯಲ್ಲಿ ರಾಜ್ಯದ ಗರ್ಭಿಣಿಯರಲ್ಲಿ ಶೇ.45ರಷ್ಟು ಮಂದಿಗೆ ರಕ್ತಹೀನತೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಪಾಯದ ಅಂದಾಜು ಸಿಗುತ್ತೆ.

ಹೆಚ್ಚಿನ ಸೋಂಕುಗಳು ಸಕಾಲದ ಆಂಟಿಬಯಾಟಿಕ್‌ಗೆ ಬಗ್ಗುತ್ತವೆ. ತಡವಾದರೆ ಸೋಂಕು ರಕ್ತಕ್ಕೆ ಇಳಿಯುತ್ತೆ, ದೇಹದ ಪ್ರತಿಕ್ರಿಯೆಯೇ ಹತೋಟಿ ತಪ್ಪಿ ಕಿಡ್ನಿ, ಶ್ವಾಸಕೋಶ, ಹೃದಯ ಒಂದೊಂದಾಗಿ ಸೋಲುತ್ತವೆ. ಇದೇ ಸೆಪ್ಸಿಸ್. ಜಗತ್ತಿನಲ್ಲಿ ತಾಯಂದಿರ ಸಾವಿಗೆ ಕಾರಣಗಳೇನು ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಸೆಪ್ಸಿಸ್‌ನ ಪಾಲು ಸುಮಾರು ಶೇ.11. ಭಾರತದ 2001–03ರ ಮಾದರಿ ನೋಂದಣಿ ಲೆಕ್ಕದಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ನಂಜು ಅನ್ನೋ ಪದ ಸರಿ, ಹುಡುಕಿದ ಜಾಗ ತಪ್ಪು

ನಮ್ಮ ಅಜ್ಜಿಯರಿಗೆ ಬಾಣಂತಿ ಸೋಂಕು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತಿತ್ತು. ‘ನಂಜು’ ಅನ್ನುವ ಪದವೇ ಅದಕ್ಕೆ ಸಾಕ್ಷಿ. ಮೈಗೆ ವಿಷವೇರುವುದು, ಗಾಯ ಕೀವಾಗುವುದು ಎಲ್ಲ ಆ ಒಂದು ಪದದಲ್ಲಿದೆ. ‘ಬಾಣಂತಿ ಸನ್ನಿ’ ಅಂತ ಇನ್ನೊಂದು ಪದವಿದೆ. ಬಾಣಂತಿ ಇದ್ದಕ್ಕಿದ್ದಂತೆ ತಡಬಡ ಮಾತಾಡೋದು, ಗುರುತು ಸಿಗದೆ ನೋಡೋದು, ಎದ್ದು ಓಡೋದು. ಇದು ಹೆರಿಗೆ ನಂತರದ ತೀವ್ರ ಮಾನಸಿಕ ಕಾಯಿಲೆ ಇರಬಹುದು, ಸೆಪ್ಸಿಸ್ ಮಿದುಳಿಗೆ ಮುಟ್ಟಿದ ಲಕ್ಷಣವೂ ಇರಬಹುದು. ಎರಡಕ್ಕೂ ಬೇಕಾದ್ದು ಆಸ್ಪತ್ರೆ. ಅಂತ್ರ, ದೃಷ್ಟಿ ತೆಗೆಯೋದು ಅಂತ ಒಂದು ರಾತ್ರಿ ಕಳೆದರೆ ಆ ರಾತ್ರಿ ವಾಪಸ್ ಬರಲ್ಲ.

ತೊಂದರೆ ಆಗಿದ್ದು ನಂಜಿನ ಕಾರಣ ಹುಡುಕಿದ ಜಾಗದಲ್ಲಿ. ನಾವು ಅದನ್ನು ತಟ್ಟೆಯಲ್ಲಿ ಹುಡುಕಿದೆವು. ಬದನೆಕಾಯಿ ನಂಜು, ಬಾಳೆಹಣ್ಣು ಶೀತ, ಸೊಪ್ಪು ಬೇಡ, ನೀರು ಜಾಸ್ತಿ ಕುಡಿಬೇಡ. ಹೀಗೆ ಊಟ ಕಿತ್ತುಕೊಂಡರೆ ಮೊದಲೇ ರಕ್ತ ಕಡಿಮೆಯಿರುವ ಹೆಂಗಸು ಇನ್ನಷ್ಟು ಸೊರಗುತ್ತಾಳೆ. ನೀರು ಕಡಿಮೆ ಮಾಡಿದರೆ ಮೂತ್ರದ ಸೋಂಕಿಗೆ ದಾರಿಯಾಗುತ್ತೆ. ಅತ್ತ ರಕ್ತಸ್ರಾವಕ್ಕೆ ಬಳಸುವ ಹಳೇ ಬಟ್ಟೆ? ಯಾರ ಕಣ್ಣಿಗೂ ಬೀಳಬಾರದು ಅಂತ ಅದನ್ನು ಬಚ್ಚಲ ಮೂಲೆಯಲ್ಲಿ, ಇನ್ನೊಂದು ಸೀರೆಯ ಅಡಿಯಲ್ಲಿ ಒಣಗಿಸುತ್ತೇವೆ. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲಲ್ಲಿ ಹಾಕಿದ ಬಟ್ಟೆಯೇ ಮೂರು ದಿನ ಒಣಗಲ್ಲ, ಕತ್ತಲಲ್ಲಿ ಹಾಕಿದ್ದರ ಕಥೆ ಕೇಳಬೇಡಿ.

ಹಾಗಂತ ಬಾಣಂತನದ ಪದ್ಧತಿಯೆಲ್ಲ ಮೂಢನಂಬಿಕೆ ಅಂತ ಬರೆದು ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ತಾಯಿಯನ್ನು ಮನೆಕೆಲಸದಿಂದ ಬಿಡಿಸಿ ಮಲಗಿಸೋದು, ಬಂದವರೆಲ್ಲ ಮುಟ್ಟದಂತೆ ಬೇರೆ ಕೋಣೆ ಕೊಡೋದು, ದಿನಾ ಬಿಸಿನೀರು, ಬಿಸಿ ಊಟ, ಜೊತೆಗೊಬ್ಬ ಅನುಭವಸ್ಥೆ. ಇದೆಲ್ಲ ಒಳ್ಳೆಯದೇ. ನನ್ನ ಜೊತೆ ಇಂಜಿನಿಯರಿಂಗ್ ಓದಿ ಊರು ಬಿಟ್ಟು ಹೋದ ಎಷ್ಟೋ ಗೆಳತಿಯರಿಗೆ ಇದು ಸಿಗಲೂ ಇಲ್ಲ. ಆದರೆ ಒಂದು ಮಾತು ಮಾತ್ರ ಅಪಾಯದ್ದು: “ಬಾಣಂತಿ ಮೈ ಬಿಸಿ ಇರಲೇಬೇಕು.” ಕೆಂಡದ ಕಾವು, ಸಾಂಬ್ರಾಣಿ ಹೊಗೆ, ಕುದಿಯುವ ನೀರಿನ ಸ್ನಾನ, ತಲೆಗೆ ಕಟ್ಟಿದ ಬಟ್ಟೆ. ಇಷ್ಟರ ಮಧ್ಯೆ ನಿಜವಾದ ಜ್ವರ ಯಾರ ಲೆಕ್ಕಕ್ಕೂ ಸಿಗಲ್ಲ. ಹಣೆ ಮುಟ್ಟಿ ನೋಡುವ ಕೈಗೆ ನೂರಕ್ಕೂ ನೂರೆರಡಕ್ಕೂ ವ್ಯತ್ಯಾಸ ತಿಳಿಯಲ್ಲ.

ಕೈ ತೊಳೆಯಿರಿ ಅಂದವನನ್ನು ಡಾಕ್ಟರುಗಳೇ ನಂಬಲಿಲ್ಲ

ನಂಜನ್ನು ತಪ್ಪು ಜಾಗದಲ್ಲಿ ಹುಡುಕಿದ್ದು ನಮ್ಮ ಅಜ್ಜಿಯರು ಮಾತ್ರ ಅಲ್ಲ. ಯುರೋಪಿನ ದೊಡ್ಡ ದೊಡ್ಡ ಡಾಕ್ಟರುಗಳೂ ಅದನ್ನೇ ಮಾಡಿದ್ದರು.

ವಿಯೆನ್ನಾ ಜನರಲ್ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ವಿದ್ಯಾರ್ಥಿಗಳ ವಾರ್ಡಿನಲ್ಲಿ ನೂರಕ್ಕೆ ಹನ್ನೊಂದು ತಾಯಂದಿರು ಸತ್ತರು, ಸೂಲಗಿತ್ತಿಯರ ವಾರ್ಡಿನಲ್ಲಿ ಮೂವರಿಗಿಂತ ಕಡಿಮೆ. ಕೆಟ್ಟ ಗಾಳಿ, ಹೆಂಗಸರ ಭಯ, ಎದೆಹಾಲು ದಾರಿ ತಪ್ಪಿದ್ದು ಅಂತ ಏನೇನೋ ಕಾರಣ ಹೇಳುತ್ತಿದ್ದರು. ಇಗ್ನಾಜ್ ಸೆಮ್ಮಲ್‌ವೈಸ್ ಎಂಬ ಯುವ ಹಂಗೇರಿಯನ್ ವೈದ್ಯನಿಗೆ ಉತ್ತರ ಸಿಕ್ಕಿದ್ದು 1847ರಲ್ಲಿ, ಗೆಳೆಯನೊಬ್ಬನ ಸಾವಿನಿಂದ. ಶವಪರೀಕ್ಷೆ ವೇಳೆ ಚಾಕು ತಗುಲಿದ ಆ ಗೆಳೆಯ ಥೇಟ್ ಬಾಣಂತಿಯರಂತೆಯೇ ಜ್ವರ ಬಂದು ಸತ್ತಿದ್ದ. ಅಂದರೆ ಶವಾಗಾರದಿಂದ ನೇರ ಹೆರಿಗೆ ಕೋಣೆಗೆ ಬರುವ ವಿದ್ಯಾರ್ಥಿಗಳ ಕೈಯಲ್ಲೇ ಸಾವು ಬರುತ್ತಿತ್ತು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯೋದು ಕಡ್ಡಾಯ ಮಾಡಿದ. ಆ ಏಪ್ರಿಲ್‌ನಲ್ಲಿ ಶೇ.18 ಇದ್ದ ಸಾವು ಜೂನ್ ಹೊತ್ತಿಗೆ ಶೇ.2ರ ಆಸುಪಾಸಿಗೆ ಬಂತು.

ಅವನನ್ನು ಹೊತ್ತು ಮೆರೆಸಿದರಾ? ಇಲ್ಲ. ‘ನಿಮ್ಮ ಕೈಯಿಂದಲೇ ತಾಯಂದಿರು ಸಾಯುತ್ತಿದ್ದಾರೆ’ ಅನ್ನುವ ಮಾತು ಡಾಕ್ಟರುಗಳಿಗೆ ರುಚಿಸಲಿಲ್ಲ. 1865ರಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಸೆಮ್ಮಲ್‌ವೈಸ್ ತೀರಿಕೊಂಡ. ಕಾರಣವನ್ನು ತಾಯಿಯ ಮೈಯಲ್ಲಿ, ಅವಳ ನಡತೆಯಲ್ಲಿ, ಅವಳ ಊಟದಲ್ಲಿ ಹುಡುಕುವುದು ಎಲ್ಲ ಕಾಲಕ್ಕೂ ಸುಲಭ. ಹೆರಿಗೆ ಮಾಡಿಸಿದವರ ಕೈ ನೋಡುವುದು ಕಷ್ಟ.

ಕಾರ್ಡ್ ಬೆಂಗಳೂರಿನದು, ಹೊಲಿಗೆ ಶಿವಮೊಗ್ಗದ್ದು, ಜ್ವರ ಭದ್ರಾವತಿಯದು

ಕರ್ನಾಟಕದಲ್ಲಿ ಈಗ ಶೇ.97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಇದು ದೊಡ್ಡ ಸಾಧನೆ, ಅನುಮಾನವಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಹೆರಿಗೆ ವಿಭಾಗದ ಮುಂದೆ ಬೆಳಿಗ್ಗೆ ನಿಂತರೆ ಸಾಗರ, ಹೊಸನಗರ, ತೀರ್ಥಹಳ್ಳಿ, ಭದ್ರಾವತಿ ಎಲ್ಲ ಕಡೆಯ ಮಾತು ಕಿವಿಗೆ ಬೀಳುತ್ತೆ. ಆದರೆ ಸೋಂಕಿಗೂ ಡಿಸ್ಚಾರ್ಜ್‌ಗೂ ಟೈಮಿಂಗ್ ಹೊಂದಲ್ಲ. ಸಹಜ ಹೆರಿಗೆಯಾದವರು ಎರಡು-ಮೂರು ದಿನಕ್ಕೆ, ಸಿಸೇರಿಯನ್ ಆದವರು ಸಾಮಾನ್ಯವಾಗಿ ವಾರದೊಳಗೆ ಮನೆಗೆ ಹೋಗುತ್ತಾರೆ. ಗಾಯದ ಸೋಂಕು ಹೆಚ್ಚಾಗಿ ತಲೆಯೆತ್ತೋದು ನಾಲ್ಕರಿಂದ ಹತ್ತನೇ ದಿನದ ನಡುವೆ. ಹೆರಿಗೆ ಆಸ್ಪತ್ರೆಯದು, ಜ್ವರ ಮನೆಯದು.

ಈ ಅಂತರ ತುಂಬಬೇಕಾದವರು ಆಶಾ ಕಾರ್ಯಕರ್ತೆಯರು. ಆಸ್ಪತ್ರೆ ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಸಲ ಆಶಾ ಹೋಗಬೇಕು ಅಂತ ರಾಷ್ಟ್ರೀಯ ನಿಯಮ ಇದೆ. ಈ ಯೋಜನೆಯ ಹೆಸರು ‘ಮನೆ ಆಧಾರಿತ ನವಜಾತ ಶಿಶು ಆರೈಕೆ’. ಹೆಸರಿನಲ್ಲೇ ಶಿಶು ಇದೆ, ತಾಯಿ ಇಲ್ಲ. ಫಾರಂ ಒಳಗೆ ತಾಯಿಗೂ ಜಾಗ ಇದೆ: ಜ್ವರ ಇದೆಯಾ, ಸ್ರಾವಕ್ಕೆ ದುರ್ವಾಸನೆ ಇದೆಯಾ, ದಿನಕ್ಕೆ ಎಷ್ಟು ಪ್ಯಾಡ್. ಒಳ್ಳೆ ಫಾರಂ. ಆದರೆ ಆ ಫಾರಂ ಹಿಡಿದುಕೊಂಡು ಯಾವ ಊರಿನ ಆಶಾ ಬರಬೇಕು?

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯ ಹಕ್ಕು. ನನ್ನ ತಾಯಿ ಕಾರ್ಡ್ ಬೆಂಗಳೂರಿನದು, ಹೊಲಿಗೆ ಹಾಕಿದ್ದು ಶಿವಮೊಗ್ಗದಲ್ಲಿ, ಜ್ವರ ಬಂದಿದ್ದು ಭದ್ರಾವತಿಯಲ್ಲಿ. ಮೂರೂ ಊರಿನ ರಿಜಿಸ್ಟರ್‌ನಲ್ಲಿ ನಾನು ಅರ್ಧರ್ಧ ಇದ್ದೆ, ಎಲ್ಲೂ ಪೂರ್ತಿ ಇರಲಿಲ್ಲ. ನಮ್ಮ ಬೀದಿಗೆ ಆಶಾ ಅಕ್ಕ ಬಂದದ್ದು ಹದಿನೈದನೇ ದಿನ, ಅದೂ ಪಕ್ಕದ ಮನೆಯವರು ಹೇಳಿದ್ದಕ್ಕೆ. “ನಿಮ್ಮ ಹೆಸರು ನನ್ನ ಲಿಸ್ಟಲ್ಲೇ ಇಲ್ಲ ನೋಡಿ” ಅಂದರು ಪಾಪ. ಅವರ ತಪ್ಪಿಲ್ಲ. ಆರೂ ಭೇಟಿ ಮುಗಿಸಿದರೆ ಆ ಆಶಾಗೆ ಸಿಗುವ ಕೇಂದ್ರದ ಪ್ರೋತ್ಸಾಹಧನ 250 ರೂಪಾಯಿ. 2025ರ ಜನವರಿಯಲ್ಲಿ ಗೌರವಧನ ಹೆಚ್ಚಿಸಿ ಅಂತ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಅಹೋರಾತ್ರಿ ಕೂತಿದ್ದನ್ನು ನೆನಪಿಸಿಕೊಳ್ಳಿ. ಅದು ಬಾಣಂತಿಯರ ಪ್ರಶ್ನೆಯೂ ಆಗಿತ್ತು.

ತಾಯಿಗೆ ಪರೀಕ್ಷೆ, ವ್ಯವಸ್ಥೆಗೆ ರಜೆ

ನರ್ಸಿಂಗ್ ಎಂ.ಎಸ್ಸಿ ಓದುವವರು ಬರೆಯುವ ಪ್ರಬಂಧಗಳಲ್ಲಿ ಒಂದು ಮಾದರಿ ಬಹಳ ಜನಪ್ರಿಯ. ಊರಿನ ಒಂದೋ ಎರಡೋ ಆಸ್ಪತ್ರೆ ಆಯ್ಕೆ ಮಾಡೋದು, ಚೊಚ್ಚಲ ತಾಯಂದಿರನ್ನು ಕೂರಿಸಿ ಹೆರಿಗೆ ನಂತರದ ಸೋಂಕಿನ ಬಗ್ಗೆ ಪ್ರಶ್ನಪತ್ರಿಕೆ ಕೊಡೋದು, ಆಮೇಲೆ ಚಾರ್ಟ್ ಹಿಡಿದು ಪಾಠ ಮಾಡೋದು, ಕೆಲವು ದಿನ ಬಿಟ್ಟು ಅದೇ ಪ್ರಶ್ನಪತ್ರಿಕೆ ಮತ್ತೆ ಕೊಡೋದು. ಪಾಠ ಮಾಡಿದ ಮೇಲೆ ಅಂಕ ಏರುವುದರಲ್ಲಿ ಆಶ್ಚರ್ಯವಿಲ್ಲ. ಪ್ರಬಂಧಕ್ಕೆ ಬೈಂಡಿಂಗ್ ಆಗುತ್ತೆ, ಲೈಬ್ರರಿ ಕಪಾಟು ಸೇರುತ್ತೆ.

ಆ ವಿದ್ಯಾರ್ಥಿನಿಯರನ್ನು ನಾನು ಗೇಲಿ ಮಾಡುತ್ತಿಲ್ಲ. ಅವರು ಕಂಡುಕೊಂಡಿದ್ದು ಸತ್ಯ: ಒಂದು ಗಂಟೆ ಕೂತು ಹೇಳಿದರೆ ತಾಯಂದಿರಿಗೆ ಅರ್ಥ ಆಗುತ್ತೆ. ಹಾಗಿದ್ದರೆ ಆ ಒಂದು ಗಂಟೆ ಪ್ರತಿ ವಾರ್ಡಿನ ದಿನಚರಿ ಯಾಕಾಗಿಲ್ಲ? ‘ಚೊಚ್ಚಲ ತಾಯಂದಿರಲ್ಲಿ ಅರಿವಿನ ಕೊರತೆ’ ಅಂತ ಬರೆದ ತಕ್ಷಣ ತಪ್ಪು ತಾಯಿಯ ತಲೆಯೊಳಗೆ ಹೋಗಿ ಕೂರುತ್ತೆ. ಅವಳು ಎಲ್ಲಿಂದ ತಿಳಿದುಕೊಳ್ಳಬೇಕಿತ್ತು? ಅವಳಿಗೆ ಇದು ಮೊದಲ ಸಲ. ಹೆರಿಗೆಯ ನೋವು ಯಾವುದು, ಸೋಂಕಿನ ನೋವು ಯಾವುದು, ಎಷ್ಟು ರಕ್ತ ಸಹಜ, ಯಾವ ವಾಸನೆ ಸಹಜ ಅನ್ನೋದಕ್ಕೆ ಹೋಲಿಸಿ ನೋಡಲು ಹಿಂದಿನ ಅನುಭವ ಇಲ್ಲ. ಕೇಳೋಣ ಅಂದರೆ ಕೋಣೆ ತುಂಬ ನೆಂಟರು, ಜಾಗ ಹೇಳಿಕೊಳ್ಳಲು ನಾಚಿಕೆ. ರೌಂಡ್ಸ್‌ಗೆ ಬಂದ ಡಾಕ್ಟರ್ ಎರಡು ನಿಮಿಷ ನಿಲ್ಲುತ್ತಾರೆ, ಅದರಲ್ಲಿ ಒಂದೂವರೆ ನಿಮಿಷ ಮಗುವಿಗೆ.

ಇನ್ನು ಅರಿವಿದ್ದರೂ ಪ್ರಯೋಜನವಾಗದ ಜಾಗಗಳೂ ಇವೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಅಸ್ವಸ್ಥರಾಗಿ, ಐವರು ತೀರಿಕೊಂಡರು. ಅನುಮಾನ ಹೋಗಿದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ. ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿತು, ರಾಜ್ಯ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ತಾಯಂದಿರು ಎಷ್ಟೇ ಸಲ ಕೈ ತೊಳೆದಿದ್ದರೂ ಬಾಟಲಿಯೊಳಗೆ ಏನಿದೆ ಅಂತ ನೋಡಲು ಸಾಧ್ಯವಿತ್ತಾ? ಇದಾದ ಮೇಲೆ ಆ ಆರ್ಥಿಕ ವರ್ಷದ ಒಂಬತ್ತು ತಿಂಗಳ ತಾಯಂದಿರ ಸಾವುಗಳನ್ನು ರಾಜ್ಯ ಆಡಿಟ್ ಮಾಡಿಸಿತು. ಶೇ.70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಅನ್ನೋದು ಅದರ ತೀರ್ಮಾನ. 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರು, ಕೇರಳದಲ್ಲಿ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಕೇರಳದ ತಾಯಂದಿರು ಬದನೆಕಾಯಿ ತಿನ್ನದೆ ಬದುಕಿದ್ದಲ್ಲ.

ಬೆಳಗಾವಿಯಿಂದ ಬಂದ ಒಂದು ಪಾಠ

ಒಳ್ಳೆ ಸುದ್ದಿಯೂ ಇದೆ, ಅದರಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ‘ಎ-ಪ್ಲಸ್’ ಹೆಸರಿನ ಅಂತಾರಾಷ್ಟ್ರೀಯ ಅಧ್ಯಯನವೊಂದು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಸೇರಿ ಏಳು ದೇಶಗಳ 29 ಸಾವಿರಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ನಡೆಯಿತು. ಭಾರತದ ಎರಡು ಕೇಂದ್ರಗಳಲ್ಲಿ ಒಂದು ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು. ಸಹಜ ಹೆರಿಗೆಗೆ ಬಂದವರಿಗೆ ನೋವಿನ ಸಮಯದಲ್ಲಿ ಅಜಿತ್ರೊಮೈಸಿನ್ ಎಂಬ ಸಾಮಾನ್ಯ ಆಂಟಿಬಯಾಟಿಕ್‌ನ 2 ಗ್ರಾಂ, ಒಂದೇ ಸಲ ಬಾಯಿ ಮೂಲಕ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು: ಮಾತ್ರೆ ತೆಗೆದುಕೊಂಡವರಲ್ಲಿ ಸೆಪ್ಸಿಸ್ ಅಥವಾ ಸಾವು ಶೇ.1.6, ತೆಗೆದುಕೊಳ್ಳದವರಲ್ಲಿ ಶೇ.2.4. ಅಂದರೆ ಮೂರರಲ್ಲಿ ಒಂದು ಭಾಗ ಕಡಿಮೆ. ಈ ಇಳಿಕೆ ಬಹುಪಾಲು ಸೆಪ್ಸಿಸ್ ತಗ್ಗಿದ್ದರಿಂದ ಬಂದದ್ದು. ನವಜಾತ ಶಿಶುಗಳ ಸಾವಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿ ಯಾರೂ ಮೆಡಿಕಲ್ ಶಾಪ್‌ಗೆ ಓಡಬೇಡಿ. ಎಲ್ಲರಿಗೂ ಆಂಟಿಬಯಾಟಿಕ್ ಹಂಚಿದರೆ ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದಂತಾಗುವ ಭಯ ನಿಜ, ಯಾರಿಗೆ ಯಾವಾಗ ಅನ್ನೋದು ಡಾಕ್ಟರ ತೀರ್ಮಾನ. ಪಾಠ ಬೇರೆಯದು. ಸೋಂಕು ತಡೆಯುವ ಕೆಲಸದ ದೊಡ್ಡ ಭಾಗ ತಾಯಿ ಮನೆಗೆ ಹೋಗುವ ಮೊದಲೇ ಮುಗಿದಿರುತ್ತೆ: ಹೆರಿಗೆ ಕೋಣೆಯ ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸೋಪು, ಬದಲಾಯಿಸಿದ ಗ್ಲೌಸ್, ಸಿಸೇರಿಯನ್‌ಗೆ ಮೊದಲು ಸರಿಯಾದ ಹೊತ್ತಿಗೆ ಕೊಟ್ಟ ಆಂಟಿಬಯಾಟಿಕ್, ಬೇಕಿಲ್ಲದ ಒಳಪರೀಕ್ಷೆ ಮಾಡದಿರುವುದು.

ಇಷ್ಟು ಗೊತ್ತಿರಲಿ

ಮನೆಯಲ್ಲಿ ಬಾಣಂತಿ ಇದ್ದರೆ, ಅಥವಾ ನೀವೇ ಆಗಲಿದ್ದರೆ, ಕೆಳಗಿನದನ್ನು ಬರೆದು ಗೋಡೆಗೆ ಅಂಟಿಸಿ.

- ಒಂದು ಡಿಜಿಟಲ್ ಥರ್ಮಾಮೀಟರ್ ತನ್ನಿ. ಮೊದಲ ಹತ್ತು ದಿನ ಬೆಳಿಗ್ಗೆ, ಸಂಜೆ ನೋಡಿ. ಬಿಸಿನೀರು ಸ್ನಾನದ, ಕಾವಿನ ಮೊದಲು ನೋಡಿ, ನಂತರ ಅಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಅಥವಾ ಹೆಚ್ಚಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.
- ನೋವಿಗೆ ಪ್ಯಾರಾಸಿಟಮಾಲ್ ಬರೆದುಕೊಟ್ಟಿದ್ದರೆ ಅದು ಜ್ವರವನ್ನೂ ಮುಚ್ಚಿಡುತ್ತೆ. ಮಾತ್ರೆ ನುಂಗುವ ಮೊದಲು ಜ್ವರ ಎಷ್ಟಿದೆ ನೋಡಿ.
- ಸ್ರಾವ ಮೊದಲ ಕೆಲವು ದಿನ ಕೆಂಪು, ಆಮೇಲೆ ಕಂದು-ಗುಲಾಬಿ, ಆಮೇಲೆ ಬಿಳಿ-ಹಳದಿ ಆಗಿ ಕಡಿಮೆಯಾಗುತ್ತೆ. ಮುಟ್ಟಿನ ರಕ್ತದಂಥ ವಾಸನೆ ಸಹಜ. ಕೊಳೆತ ವಾಸನೆ ಸಹಜ ಅಲ್ಲ.
- ಕಿಬ್ಬೊಟ್ಟೆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಏರುತ್ತಿದ್ದರೆ, ಹೊಲಿಗೆ ಕೆಂಪಾಗಿ ಊದಿದರೆ, ಬಿಚ್ಚಿಕೊಂಡರೆ, ಕೀವು ಬಂದರೆ, ಮೂತ್ರ ಉರಿದರೆ ತೋರಿಸಿ.
- ಸ್ತನ ಒಂದು ಕಡೆ ಕೆಂಪಾಗಿ ಗಟ್ಟಿಯಾಗಿ ನೋಯುತ್ತಿದ್ದು ಜ್ವರವಿದ್ದರೆ ಅದೂ ಸೋಂಕಿರಬಹುದು. ಸಾಮಾನ್ಯವಾಗಿ ಹಾಲು ಕುಡಿಸುವುದು ನಿಲ್ಲಿಸಬೇಕಿಲ್ಲ. ಹಾಲು ಕಟ್ಟಿದ್ದೇ ಸೋಂಕೇ ಅನ್ನೋದನ್ನು ಡಾಕ್ಟರೇ ಹೇಳಲಿ.
- ಮೈ ನಡುಕ, ಏದುಸಿರು, ಎದೆ ಡವಡವ, ಮೂತ್ರ ಕಡಿಮೆ, ತಲೆ ಸುತ್ತು, ಮಾತು ತಡಬಡ: ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೆರಿಗೆಯಾಗಿ ಎಷ್ಟು ದಿನವಾಯ್ತು ಅಂತ ಮೊದಲ ವಾಕ್ಯದಲ್ಲೇ ಹೇಳಿ. ಸೆಪ್ಸಿಸ್‌ನಲ್ಲಿ ಲೆಕ್ಕ ಗಂಟೆಗಳದು.
- ಪ್ಯಾಡ್ ಅಥವಾ ಬಟ್ಟೆ ಮುಟ್ಟುವ ಮೊದಲೂ ಆಮೇಲೂ ಸೋಪಿನಲ್ಲಿ ಕೈ ತೊಳೆಯಿರಿ. ನಾಲ್ಕಾರು ಗಂಟೆಗೊಮ್ಮೆ ಬದಲಿಸಿ. ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಬಟ್ಟೆಯಾದರೆ ಬಿಸಿಲಿಗೇ ಒಣಗಿಸಿ, ನಾಚಿಕೆ ಬೇಡ. ಹೊಲಿಗೆಗೆ ಅರಿಶಿನ, ಎಣ್ಣೆ, ಬೂದಿ ಹಚ್ಚಬೇಡಿ.
- ನೀರು, ಹಣ್ಣು, ಸೊಪ್ಪು, ಬೇಳೆ, ಮೊಟ್ಟೆ, ಮನೆಯಲ್ಲಿ ತಿನ್ನುವುದಾದರೆ ಮೀನು-ಮಾಂಸ ಎಲ್ಲ ಕೊಡಿ. ಗಾಯ ಒಣಗೋದು ಅದರಿಂದಲೇ.

ಗಂಡಸರೇ, ಇದು ನಿಮಗೂ. ಥರ್ಮಾಮೀಟರ್ ಓದಲು ಬಾಣಂತನ ಮಾಡಿದ ಅನುಭವ ಬೇಕಿಲ್ಲ.

ಕೇಳಬೇಕಾದದ್ದು

ಈ ಪಟ್ಟಿಯನ್ನು ನೀವು ಒಂದು ಸುದ್ದಿತಾಣದಲ್ಲಿ ಓದುತ್ತಿದ್ದೀರಿ ಅನ್ನೋದೇ ಸಮಸ್ಯೆ. ಇದು ಡಿಸ್ಚಾರ್ಜ್ ಚೀಟಿಯ ಹಿಂದೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚಾಗಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲೂ ಖಾಸಗಿ ನರ್ಸಿಂಗ್ ಹೋಂನಲ್ಲೂ. ಓದಲು ಬಾರದವರಿಗೆ ಸಿಸ್ಟರ್ ಓದಿ ಹೇಳಬೇಕು, ಜೊತೆಗೆ ಬಂದ ಅಮ್ಮ-ಅತ್ತೆಯ ಎದುರು ಹೇಳಬೇಕು, ಯಾಕಂದ್ರೆ ಮನೆಯಲ್ಲಿ ತೀರ್ಮಾನ ತೆಗೆದುಕೊಳ್ಳೋದು ಅವರೇ. ಬಾಣಂತಿಗೆ ಕೊಡುವ ಕಿಟ್‌ನಲ್ಲಿ ಸೋಪು, ಟವೆಲ್ ಜೊತೆ ಒಂದು ಥರ್ಮಾಮೀಟರ್ ಇರಲಿ. ಹೊದಿಕೆಯ ಬೆಲೆಗಿಂತ ಅದು ಹೆಚ್ಚಲ್ಲ.

ಎರಡನೆಯದು, ತವರಿಗೆ ಹೋದ ತಾಯಿಯ ಹೆಸರು ಅವಳ ಜೊತೆಗೇ ಹೋಗಬೇಕು. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗಲೇ ‘ಯಾವ ಊರಿಗೆ ಹೋಗ್ತೀರಿ?’ ಅಂತ ಕೇಳಿ ಆ ವಾರ್ಡಿನ ಆಶಾಗೆ ತಿಳಿಸುವುದಕ್ಕೆ ಹೊಸ ಕಾನೂನು ಬೇಕಿಲ್ಲ. ಒಂದು ಡೇಟಾಬೇಸ್‌ನಲ್ಲಿ ಒಂದು ಕಾಲಂ ಸಾಕು. ಇಂಜಿನಿಯರಿಂಗ್ ಓದಿದ ನನಗೆ ಅಷ್ಟಾದರೂ ಗೊತ್ತು. ಮೂರನೆಯದು, ಯಾವ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಎಷ್ಟು ಮಂದಿಗೆ ಸೋಂಕಾಯಿತು ಅನ್ನೋ ಲೆಕ್ಕ ಸಾರ್ವಜನಿಕವಾಗಲಿ. ಸತ್ತವರ ಆಡಿಟ್ ಆಗುತ್ತೆ. ಬದುಕಿ, ಹನ್ನೊಂದು ದಿನ ಡ್ರೆಸ್ಸಿಂಗ್ ಮಾಡಿಸಿಕೊಂಡವರ ಲೆಕ್ಕವೂ ಅಷ್ಟೇ ಮುಖ್ಯ, ಯಾಕಂದ್ರೆ ಮುಂದಿನ ಸಾವಿನ ಮುನ್ಸೂಚನೆ ಸಿಗೋದು ಅಲ್ಲೇ.

ಹೋದ ತಿಂಗಳು ಚಿಕ್ಕಮ್ಮನ ಮಗಳಿಗೆ ಶಿವಮೊಗ್ಗದಲ್ಲಿ ಹೆರಿಗೆಯಾಯ್ತು. ನಾಲ್ಕನೇ ದಿನ ನಾನು ಫೋನ್ ಮಾಡಿದಾಗ ಎತ್ತಿಕೊಂಡಿದ್ದು ಅಜ್ಜಿ. “ಮಗು ಹೇಗಿದೆ?” ಅಂತ ನಾನೂ ರೂಢಿಯಂತೆ ಶುರು ಮಾಡಿದೆ. “ಮಗು ಇರ್ಲಿ ಕಣೆ,” ಅಂದಳು ಅಜ್ಜಿ, “ಇವಳಿಗೆ ಬೆಳಿಗ್ಗೆ ತೊಂಬತ್ತೆಂಟು ಪಾಯಿಂಟ್ ಆರು. ಬದನೆಕಾಯಿ ಮಾತ್ರ ನಾನು ಕೊಡಲ್ಲ, ಅದು ಬೇರೆ ವಿಷ್ಯ.”